ಮಾಡೆಲ್ ಶೇ. 99ರಷ್ಟು ಸರಿ ಹೇಳುತ್ತಿದ್ದರೆ ಸುರಕ್ಷಿತವೇ?

ಪ್ರಶ್ನೆ: ನಮಸ್ಕಾರ ಸರ್. ನೀವು ಇಂಜಿನಿಯರಿಂಗ್ ಪ್ರಾಧ್ಯಾಪಕರು, ಎಐ ಸುರಕ್ಷತೆಯ ಮೇಲೆ ಸಂಶೋಧನೆ ಮಾಡ್ತೀರಿ ಅಂತ ಗುಂಪಿನಲ್ಲಿ ಓದಿದೆ. ನಾನು ಕೊನೇ ವರ್ಷದ ವಿದ್ಯಾರ್ಥಿ. ರಸ್ತೆಯ ಫಲಕ ಗುರುತಿಸುವ ನಮ್ಮ ಮಾಡೆಲ್ ಶೇ. 99ರಷ್ಟು ಸರಿ ಉತ್ತರ ಕೊಡ್ತಿದೆ. ಇನ್ನೊಂದಿಷ್ಟು ಡೇಟಾ ಹಾಕಿದರೆ ಮುಗೀತಲ್ಲ, ಸುರಕ್ಷತೆಗೆ ಅಂತ ಬೇರೆ ಸಂಶೋಧನೆ ಯಾಕೆ?

ಉತ್ತರ: ಮುಗಿಯೋದಿಲ್ಲ. ಆ ಶೇ. 99 ಬಂದದ್ದು ಯಾವ ಚಿತ್ರಗಳ ಮೇಲೆ? ತರಬೇತಿಯ ರಾಶಿಯಿಂದಲೇ ಎತ್ತಿಟ್ಟ ಚಿತ್ರಗಳ ಮೇಲೆ ಇರಬೇಕು. ರಸ್ತೆ ಆ ರಾಶಿಯ ಹಾಗೆಯೇ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು 'ಸ್ಟಾಪ್' ಫಲಕಕ್ಕೆ ಕೆಲವು ಕಪ್ಪು-ಬಿಳಿ ಸ್ಟಿಕ್ಕರ್ ಅಂಟಿಸಿದರು; ಮಾಡೆಲ್ ಅದನ್ನು '45ರ ವೇಗಮಿತಿ' ಅಂತ ಓದಿತು. ನಮ್ಮ ಕಣ್ಣಿಗೆ ಅದು ಗಲೀಜಾದ ಸ್ಟಾಪ್ ಫಲಕ, ಅಷ್ಟೇ.

ಓಡಿಸಿ ಓಡಿಸಿಯೇ ಸಾಬೀತು ಮಾಡೋಣ ಅಂದರೂ ಕಷ್ಟ. ಅಮೆರಿಕದ ರಸ್ತೆ ಅಪಘಾತದ ಸಾವಿನ ದರ ಇಟ್ಟುಕೊಂಡು ರ‍್ಯಾಂಡ್ ಎಂಬ ಅಲ್ಲಿನ ಸಂಶೋಧನಾ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು: ಸ್ವಯಂಚಾಲಿತ ಕಾರು ಮನುಷ್ಯರಷ್ಟಾದರೂ ಸುರಕ್ಷಿತ ಅಂತ ಶೇ. 95ರ ಭರವಸೆಯಿಂದ ಹೇಳಲು, ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಿಸಬೇಕು. ನಡುವೆ ಸಾಫ್ಟ್‌ವೇರ್ ಬದಲಾಯಿಸಿದರೆ? ಹಳೆಯ ಮೈಲಿಗಳ ಬೆಲೆ ಎಷ್ಟು ಉಳಿಯಿತು ಅನ್ನೋದೇ ಪ್ರಶ್ನೆ.

ಇನ್ನೊಬ್ಬರ ಪ್ರಶ್ನೆ: ಸರ್, ಮಾಡೆಲ್ ತನಗೆ ಎಷ್ಟು ಖಾತ್ರಿ ಅಂತಲೂ ಹೇಳುತ್ತಲ್ಲ. ಅದು ಕಡಿಮೆ ಇದ್ದಾಗ ಗಾಡಿ ನಿಲ್ಲಿಸಿದರಾಯಿತು.

ಉತ್ತರ: ಒಳ್ಳೇ ಯೋಚನೆ, ಆದರೆ ಆ ಅಂಕಿಯನ್ನೇ ಮೊದಲು ಅನುಮಾನಿಸಿ. ಈ ಮಾಡೆಲ್‌ನಂಥ, ಉದಾಹರಣೆಗಳಿಂದ ಕಲಿಯುವ ಆಧುನಿಕ ನ್ಯೂರಲ್ ನೆಟ್‌ವರ್ಕ್‌ಗಳಿಗೆ ಇರಬೇಕಾದ್ದಕ್ಕಿಂತ ಹೆಚ್ಚು ಆತ್ಮವಿಶ್ವಾಸ ಅನ್ನೋದನ್ನು 2017ರಲ್ಲೇ ಅಳೆದು ತೋರಿಸಿದ್ದಾರೆ. 'ಟೆಂಪರೇಚರ್ ಸ್ಕೇಲಿಂಗ್' ಎಂಬ ಸರಳ ತಿದ್ದುಪಡಿಯಿಂದ, ಅಂದರೆ ಮಾಡೆಲ್ ಕೊಡುವ ಅಂಕಗಳನ್ನೆಲ್ಲ ಒಂದೇ ಸಂಖ್ಯೆಯಿಂದ ಭಾಗಿಸಿ ಅದರ ಖಾತ್ರಿ ತಗ್ಗಿಸೋದರಿಂದ, ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಆದರೆ ಮಂಜು ಕವಿದು ದೃಶ್ಯವೇ ಬದಲಾದರೆ ಆ ತಿದ್ದುಪಡಿಯನ್ನೂ ನೆಚ್ಚಿಕೊಳ್ಳುವಂತಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಹಾಗಾದರೆ ನಿಮ್ಮ ಲ್ಯಾಬ್‌ನಲ್ಲಿ ಏನು ಮಾಡ್ತೀರಿ ಸರ್? ನೆಟ್‌ವರ್ಕ್ ತಪ್ಪೇ ಮಾಡಲ್ಲ ಅಂತ ಗಣಿತದಿಂದ ಸಾಧಿಸ್ತೀರಾ?

ಉತ್ತರ: ಆ ದಾರಿಯೂ ಇದೆ. ವಿಮಾನಗಳ ಡಿಕ್ಕಿ ತಪ್ಪಿಸುವ ಪ್ರಾಯೋಗಿಕ ವ್ಯವಸ್ಥೆಯ ನೆಟ್‌ವರ್ಕ್‌ಗಳ ಕೆಲವು ಗುಣಗಳನ್ನು 2017ರಲ್ಲಿ 'ರೆಲುಪ್ಲೆಕ್ಸ್' ವಿಧಾನದಿಂದ ಸಾಧಿಸಿದರು. ಒಂದೊಂದರಲ್ಲಿ ಇದ್ದದ್ದು ಬರೀ 300 ನ್ಯೂರಾನ್ (ಲೆಕ್ಕ ಮಾಡುವ ಪುಟ್ಟ ಘಟಕ). ನಿಮ್ಮ ಮಾಡೆಲ್ ಅದರ ಎಷ್ಟು ಪಟ್ಟು ದೊಡ್ಡದು ಅಂತ ನೀವೇ ನೋಡಿಕೊಳ್ಳಿ!

ನನ್ನ ಒಲವು ಬೇರೆ ಕಡೆ. ನೆಟ್‌ವರ್ಕ್ ತಪ್ಪುತ್ತದೆ ಅಂತ ಒಪ್ಪಿಕೊಂಡೇ ಶುರು ಮಾಡೋದು. ಪಕ್ಕದಲ್ಲಿ ಚಿಕ್ಕದೊಂದು, ಪೂರ್ತಿ ಪರಿಶೀಲಿಸಬಹುದಾದ ನಿಯಂತ್ರಕ ಇಡೋದು. ಗಾಡಿ ಸುರಕ್ಷಿತ ಮಿತಿಯ ಅಂಚಿಗೆ ಬಂದರೆ ನೆಟ್‌ವರ್ಕಿನ ಕೈಯಿಂದ ಅಧಿಕಾರ ಕಿತ್ತುಕೊಳ್ಳೋದು. ನಿಯಂತ್ರಣ ಕ್ಷೇತ್ರದವರು ಇದನ್ನು 'ಸಿಂಪ್ಲೆಕ್ಸ್' ವಿನ್ಯಾಸ ಅಂತಾರೆ, ಹೊಸದೇನಲ್ಲ.

ಇದು ಯಾಕೆ ಮುಖ್ಯ ಅನ್ನೋದಕ್ಕೆ 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದ ಟೆಂಪಿಯಲ್ಲಿ ನಡೆದ ಅಪಘಾತದ ತನಿಖಾ ವರದಿ ಓದಿ. ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಪರೀಕ್ಷಾರ್ಥ ಸ್ವಯಂಚಾಲಿತ ಕಾರು ಗುದ್ದಿತು. ಡಿಕ್ಕಿಗೆ 5.6 ಸೆಕೆಂಡ್ ಮುಂಚೆಯೇ ವ್ಯವಸ್ಥೆ ಅವರನ್ನು ಪತ್ತೆ ಹಚ್ಚಿತ್ತು. ಒಮ್ಮೆ ವಾಹನ, ಒಮ್ಮೆ ಗೊತ್ತಿಲ್ಲದ ವಸ್ತು, ಒಮ್ಮೆ ಸೈಕಲ್ ಅಂತ ಹೆಸರು ಬದಲಾಯಿಸುತ್ತ, ಪ್ರತಿ ಸಲವೂ ಹಿಂದಿನ ಚಲನೆಯ ಲೆಕ್ಕ ಕೈಬಿಡುತ್ತ ಹೋಯಿತು. ಬ್ರೇಕ್ ಹಾಕಲು ಹೆಸರು ಯಾಕೆ ಬೇಕು? ಎದುರಿಗೆ ಏನೋ ಇದೆ ಅಂತ ಗೊತ್ತಾದರೆ ಸಾಕು; ಪಕ್ಕದ ಆ ಚಿಕ್ಕ ನಿಯಂತ್ರಕ ಮಾಡಬೇಕಾದ್ದು ಅಷ್ಟೇ.

ನಿಮ್ಮ ಪ್ರಾಜೆಕ್ಟ್‌ಗೆ ಸದ್ಯ ಇಷ್ಟು ಮಾಡಿ: ಆ ತಪ್ಪಿದ ಶೇ. 1ರ ಚಿತ್ರಗಳನ್ನೆಲ್ಲ ಒಂದು ಕಡೆ ಹಾಕಿ, ಯಾವ ಫಲಕವನ್ನು ಯಾವುದು ಅಂತ ಓದಿದೆ ಪಟ್ಟಿ ಮಾಡಿ. 'ಸ್ಟಾಪ್' ಅನ್ನು ವೇಗಮಿತಿ ಅಂದದ್ದು ಒಂದೇ ಇದ್ದರೂ ಮೊದಲು ಅದನ್ನೇ ಇಲ್ಲಿ ಹಾಕಿ, ನೋಡೋಣ.