ಹೋಗದ ಫೋಲ್ಡರ್: ಅಳಿಸುವುದೋ, ಬಿಡಿಸುವುದೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರಿಗಾಗಿ ಕಂಪ್ಯೂಟರ್ ಬಳಕೆಯ ಸಣ್ಣ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಅಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ಒಂದೊಂದು ಬಗೆಗೂ ಒಂದೊಂದು ಫೋಲ್ಡರ್. ಹೋದ ವಾರ ‘ಗೊರಬಲು ಹಳೆಯದು’ ಎಂಬುದನ್ನು ತೆಗೆಯಹೋದರೆ ಜಪ್ಪಯ್ಯ ಎಂದರೂ ಹೋಗಲಿಲ್ಲ. ಬೇರೊಂದು ಪ್ರೋಗ್ರಾಮಿನಲ್ಲಿ ತೆರೆದಿದೆ ಎಂದು ಕಂಪ್ಯೂಟರಿನದು ಒಂದೇ ಹಾಡು. ನೋಡಿದರೆ ಅದರೊಳಗಿನ ಎಕ್ಸೆಲ್ ಹಾಳೆಯೊಂದು ಪರದೆಯ ತಳದ ಪಟ್ಟಿಯಲ್ಲಿ ಸದ್ದಿಲ್ಲದೆ ಕುಳಿತಿತ್ತು. ಮುಚ್ಚಿದೆ, ಫೋಲ್ಡರ್ ಹೋಯಿತು.

ಇದನ್ನು ಬರೆಯುವಾಗ ಕ್ರಿಯಾಪದಕ್ಕೆ ತಡವರಿಸಿದೆ. ‘ಡಿಲೀಟ್’ಗೆ ‘ಅಳಿಸು’ ಎಂಬುದು ರೂಢಿ. ಇದು ಹಳಗನ್ನಡದ ‘ಅೞಿ’, ಅಂದರೆ ನಾಶವಾಗು ಎಂಬುದರಿಂದ ಬಂದದ್ದು. (ಮಗುವನ್ನು ಅಳಿಸುವ ‘ಅಳಿಸು’ ಬೇರೆ. ಮಂಡಿಯವರಿಗೆ ಅಂದು ಎರಡೂ ಒಂದೇ ಆಗಿದ್ದವು.) ಫೈಲಿಗೆ ನಾವು ಕೊಟ್ಟಿರುವ ‘ಕಡತ’ ಎಂಬ ಹೆಸರಿಗೇನೋ ಅಳಿಸು ಚೆನ್ನಾಗಿ ಹೊಂದುತ್ತದೆ. ಹಿಂದಿನ ಕಡತವೆಂದರೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಸಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆದು, ಬೇಡವಾದರೆ ಒರೆಸಿ, ಅದರ ಮೇಲೆಯೇ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳ ಹೆಸರು ಕೇಳದವರು ನಮ್ಮ ಕಡೆ ಕಡಿಮೆ. ಆದರೆ ಹಾರ್ಡ್ ಡಿಸ್ಕಿನಲ್ಲಿ ಸಾಮಾನ್ಯವಾಗಿ ಹೋಗುವುದು ಪಟ್ಟಿಯಲ್ಲಿನ ಹೆಸರು ಮಾತ್ರ. ಬರಹವು ಆ ಜಾಗಕ್ಕೆ ಬೇರೆಯದು ಬಂದು ಕೂರುವವರೆಗೆ ಅಲ್ಲೇ ಇರುತ್ತದೆ. ಪಹಣಿಯಿಂದ ಹೆಸರು ತೆಗೆದರೆ ಜಮೀನೇನೂ ಎದ್ದು ಹೋಗುವುದಿಲ್ಲವಷ್ಟೆ. ಹಾಗಾಗಿ ನನ್ನ ಮತ ‘ತೆಗೆ’ ಎಂಬುದಕ್ಕೆ.

ಉಳಿದದ್ದು ಹೋಗಲೊಲ್ಲದ ಫೋಲ್ಡರ್. ಮೊದಲು ‘ಹಟಮಾರಿ ಫೋಲ್ಡರ್’ ಎಂದು ಬರೆದು ಹೊಡೆದುಹಾಕಿದೆ. ಹಟ ಅದರದ್ದಲ್ಲ, ಅದನ್ನು ಹಿಡಿದುಕೊಂಡ ಪ್ರೋಗ್ರಾಮಿನದು. ಮಳೆಗಾಲದಲ್ಲಿ ತೋಟದಿಂದ ಬಂದವರ ಕಾಲಿನಲ್ಲಿ ಉಂಬಳ (ಜಿಗಣೆ) ಕಚ್ಚಿಕೊಂಡಿದ್ದರೆ ನಮ್ಮ ಮನೆಯಲ್ಲಿ ಯಾರೂ ಎಳೆಯುವುದಿಲ್ಲ. ಎಲೆಯಡಿಕೆ ತಟ್ಟೆಯ ಸುಣ್ಣವನ್ನು ಬೆರಳ ತುದಿಯಲ್ಲಿ ಮುಟ್ಟಿಸಿದರೆ ಮುದುಡಿಕೊಂಡು ತಾನಾಗಿ ಉದುರುತ್ತದೆ. ಅದಕ್ಕೆ ‘ಉಂಬಳ ಬಿಡಿಸುವುದು’ ಎನ್ನುತ್ತೇವೆ. ಫೋಲ್ಡರಿಗೂ ಇದೇ ಕ್ರಮ: ಮೊದಲು ಬಿಡಿಸಿ, ಆಮೇಲೆ ತೆಗೆಯಿರಿ.

ತೊಡಕು ಇರುವುದು ಇಲ್ಲೇ. ‘ಫೋಲ್ಡರ್ ಬಿಡಿಸಿ’ ಎಂದು ಬರೆದದ್ದನ್ನು ಓದಿದ ಗುಮಾಸ್ತರೊಬ್ಬರು ಹಲಸಿನ ತೊಳೆ ಬಿಡಿಸಿದಂತೆ ಒಳಗಿನದನ್ನೆಲ್ಲ ಹೊರಗೆ ಹರಡಿಟ್ಟರು! ‘ಬಿಡಿಸು’ವಿಗೆ ಚಿತ್ರ ಬರೆಯುವ ಅರ್ಥವೂ ಇದೆ. ಮೇಲಾಗಿ ಎಲ್ಲ ಫೋಲ್ಡರುಗಳನ್ನೂ ಯಾರೋ ಹಿಡಿದುಕೊಂಡಿರುವುದಿಲ್ಲ. ವಿಂಡೋಸಿನಲ್ಲಿ ಹೆಸರಿನ ಕೊನೆಗೆ ಚುಕ್ಕಿಯೋ ಖಾಲಿ ಜಾಗವೋ ಉಳಿದಿದ್ದರೆ, ದಾರಿಯ (ಪಾತ್, ಅಂದರೆ ಫೈಲು ಇರುವ ಜಾಗದ ಪೂರ್ತಿ ವಿಳಾಸ) ಒಟ್ಟು ಉದ್ದ 260 ಅಕ್ಷರ ದಾಟಿದರೆ ಕೂಡ ಅದು ಹೀಗೆಯೇ ಮೊಂಡು ಬೀಳುವುದುಂಟು. ಅಲ್ಲಿ ಬಿಡಿಸುವುದಕ್ಕೆ ಏನೂ ಇಲ್ಲ.

ಕಚ್ಚಿಕೊಂಡದ್ದನ್ನು ಸಡಿಲಿಸಿ ತೆಗೆಯುವುದಕ್ಕೆ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಒಂದೇ ಮಾತಿನ ಕ್ರಿಯಾಪದ ಏನಾದರೂ ಇದೆಯೇ? ತೋಟದ್ದಾಗಲಿ, ಕೊಟ್ಟಿಗೆಯದ್ದಾಗಲಿ, ಅಡ್ಡಿಯಿಲ್ಲ.