ಬ್ಲೋಕ್, ಮೇಟ್, ಲ್ಯಾಡ್: ಯಾರನ್ನು ಯಾವಾಗ ಏನಂತ ಕರೆಯೋದು?

ಕೇಳಿದವರು (ಲೀಡ್ಸ್‌ಗೆ ಬಂದು 2 ತಿಂಗಳು):

ಹುಬ್ಬಳ್ಳಿಯಿಂದ ಕೆಲಸಕ್ಕೆ ಬಂದಿದ್ದೇನೆ. ಇಂಗ್ಲಿಷ್ ಬರುತ್ತದೆ. ಆದರೆ ಗಂಡಸರ ಬಗ್ಗೆ ಇಲ್ಲಿಯವರು ಆಡುವ ಮಾತು ಇನ್ನೂ ಬಾಯಿಗೆ ಹೊಂದುತ್ತಿಲ್ಲ. ಬ್ಲೋಕ್, ಚಾಪ್, ಲ್ಯಾಡ್, ಮೇಟ್, ಗೀಜರ್. ಡಿಕ್ಷನರಿ ನೋಡಿದರೆ ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ ಅರ್ಥ. ನಿನ್ನೆ ಬಸ್ಸಿಳಿಯುವಾಗ ಡ್ರೈವರ್‌ಗೆ ‘ಥ್ಯಾಂಕ್ ಯೂ, ಬ್ಲೋಕ್’ ಅಂದೆ. ಅವರು ಏನೂ ಅನ್ನಲಿಲ್ಲ. ಜೊತೆಗಿದ್ದ ಆಫೀಸಿನ ಗೆಳೆಯ ಮಾತ್ರ ನನ್ನ ಮುಖ ನೋಡಿದ. ದಿನದ ಮಾತಿನಲ್ಲಿ ನೀವು ಇವನ್ನು ಹೇಗೆ ಬಳಸುತ್ತೀರಿ? ಅನುಭವ ಇರುವವರು ದಯವಿಟ್ಟು ಹೇಳಿ.

ಶೆಫೀಲ್ಡ್‌ನಿಂದ (ಬಂದು 11 ವರ್ಷ):

ಒಂದು ಸಂಗತಿ ಹಿಡಿದುಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಇವುಗಳಲ್ಲಿ ಕೆಲವು ಒಬ್ಬನ ಬಗ್ಗೆ ಹೇಳುವ ಪದಗಳು. ಕೆಲವು ಅವನನ್ನೇ ಕೂಗುವ ಪದಗಳು. ನಮ್ಮಲ್ಲೂ ಹಾಗೇ ಅಲ್ವಾ? ‘ಯಾರೋ ಒಬ್ಬ ಆಸಾಮಿ ಬಂದಿದ್ದ’ ಎನ್ನುತ್ತೇವೆ. ಬಾಗಿಲಲ್ಲಿ ನಿಂತವನಿಗೆ ‘ಬನ್ನಿ ಆಸಾಮಿ’ ಎನ್ನುವುದಿಲ್ಲ. ಕೂಗುವುದಕ್ಕೆ ಅಣ್ಣ, ಗುರು, ಮಗಾ, ನಿಮ್ಮ ಕಡೆಯ ದೋಸ್ತ ಇದ್ದಾರೆ. ಬ್ಲೋಕ್ ಅಂದರೆ ಆಸಾಮಿ. ಮೇಟ್ ಅಂದರೆ ಗುರು, ದೋಸ್ತ. ಬಸ್ಸಿನಲ್ಲಿ ಆಗಿದ್ದು ಇಷ್ಟೇ.

ಬ್ಲೋಕ್ ಬಳಸುವುದು ಹೀಗೆ. ‘ದೇರ್ಸ್ ಎ ಬ್ಲೋಕ್ ಅಟ್ ದ ಡೋರ್’, ಯಾರೋ ಒಬ್ಬ ಬಾಗಿಲಿಗೆ ಬಂದಿದ್ದಾನೆ. ಬಾಯ್ಲರ್ ರಿಪೇರಿಗೆ ಬಂದವನು ‘ದ ಬಾಯ್ಲರ್ ಬ್ಲೋಕ್’. ‘ಹೀಸ್ ಎ ಡಿಸೆಂಟ್ ಬ್ಲೋಕ್’ ಅಂದರೆ ನಂಬಬಹುದಾದ ಮನುಷ್ಯ. ಈ ಊರುಗಳಲ್ಲಿ ಅದು ಸಣ್ಣ ಹೊಗಳಿಕೆ ಅಲ್ಲ. ಈ ಪದದಲ್ಲಿ ಅವಮಾನ ಇಲ್ಲ. ಆದರೂ ಮ್ಯಾನೇಜರ್‌ಗೆ ಕಳಿಸುವ ಇಮೇಲ್‌ನಲ್ಲಿ ಬೇಡ.

ಚಾಪ್ ಕೂಡ ಹೆಚ್ಚಾಗಿ ಹೇಳುವ ಪದವೇ. ಸ್ವಲ್ಪ ಹಳೆಯದು, ಸ್ವಲ್ಪ ದೊಡ್ಡ ಮನೆತನದವರ ಬಾಯಿನದು. ಅದರ ಹುಟ್ಟು ಮಾತ್ರ ನನಗೆ ತುಂಬಾ ಇಷ್ಟ. ಚಾಪ್‌ಮನ್ ಅಂದರೆ ವ್ಯಾಪಾರಿ. ಅದನ್ನು ಮೊಟಕು ಮಾಡಿದ ಚಾಪ್‌ಗೆ 16ನೇ ಶತಮಾನದಲ್ಲಿ ಕೊಳ್ಳಲು ಬಂದವನು ಎಂಬ ಅರ್ಥ ಇತ್ತು. ಅಂದರೆ ಗಿರಾಕಿ! ಆಮೇಲೆ ಯಾವ ಗಂಡಸಾದರೂ ಚಾಪ್ ಆದ. ನಾವು ‘ಭಾರಿ ಗಿರಾಕಿ ಇವನು’ ಎನ್ನುತ್ತೇವಲ್ಲ, ಅದೇ ದಾರಿ. ಲಂಡನ್ನಿನ ಚೀಪ್‌ಸೈಡ್ ಬೀದಿಯ ಹೆಸರಿನಲ್ಲೂ ಇದೇ ವ್ಯಾಪಾರದ ಬೇರು ಇದೆ. ಇದು ಗೊತ್ತಾದ ದಿನ ನಾನು ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ. ಅವರದು ತಿಪಟೂರಿನಲ್ಲಿ ಕಿರಾಣಿ ಅಂಗಡಿ.

ಇನ್ನು ಲ್ಯಾಡ್. ಲೀಡ್ಸ್‌ನಲ್ಲಿ ಇದು ದಿನಾ ಕಿವಿಗೆ ಬೀಳುತ್ತದೆ. ಹೇಳುವುದಕ್ಕೂ ಸೈ, ಕೂಗುವುದಕ್ಕೂ ಸೈ. ‘ಔರ್ ಲ್ಯಾಡ್’ ಅಂದರೆ ನಮ್ಮ ಹುಡುಗ, ಮನೆಯ ಮಗ. ‘ದ ಲ್ಯಾಡ್ಸ್’ ಅಂದರೆ ಗೆಳೆಯರ ಗುಂಪು, ಫುಟ್‌ಬಾಲ್ ತಂಡದ ಹುಡುಗರು. ‘ಹೀಸ್ ಎ ಬಿಟ್ ಆಫ್ ಎ ಲ್ಯಾಡ್’ ಅಂದರೆ ಬೇರೆ: ಕುಡಿತ, ಗಲಾಟೆ, ಹುಡುಗಿಯರ ಹಿಂದೆ ಓಡಾಟ. ವಯಸ್ಸಾದವರು ನಿಮ್ಮನ್ನು ಲ್ಯಾಡ್ ಅಂದರೆ ಅದು ಪ್ರೀತಿ. ಅವರಿಗೆ ನೀವು ತಿರುಗಿ ಲ್ಯಾಡ್ ಅನ್ನಬೇಡಿ.

ನಾಟಿಂಗ್‌ಹ್ಯಾಮ್‌ನಿಂದ (ಆಸ್ಪತ್ರೆಯಲ್ಲಿ ನರ್ಸ್):

ನಮ್ಮ ಊರಲ್ಲಿ ಎಲ್ಲರೂ ‘ಮಿ ಡಕ್’. ಗಂಡಸಾದರೂ ಅದೇ, ಹೆಂಗಸಾದರೂ ಅದೇ. ಡರ್ಬಿ, ಸ್ಟೋಕ್ ಕಡೆಯೂ ಹೀಗೇ. ಮೊದಲ ವಾರ ಒಬ್ಬ ಅಜ್ಜ ‘ಟಾ, ಮಿ ಡಕ್’ ಅಂದಾಗ ಹಗುರ ಮಾಡಿದರು ಅನ್ನಿಸಿ ನೋವಾಯಿತು. ಅರ್ಧ ಗಂಟೆ ಆಗಿರಲಿಲ್ಲ, ದೊಡ್ಡ ಡಾಕ್ಟರಿಗೂ ಅವರು ಅದೇ ಅಂದರು. ‘ಟಾ’ ಅಂದರೆ ಥ್ಯಾಂಕ್ಸ್ ಅಂತಲೂ ಆವತ್ತೇ ಗೊತ್ತಾಯಿತು.

ಕೆಲಸದ ಜಾಗದಲ್ಲಿ ನಾನಾಗಿ ಯಾರಿಗೂ ಇಂಥ ಪದ ಬಳಸುವುದಿಲ್ಲ. ನಿಮ್ಮನ್ನು ಏನಂತ ಕರೆಯಲಿ ಎಂದು ಮೊದಲೇ ಕೇಳುತ್ತೇನೆ. ಒಬ್ಬರಿಗೆ ಮಿಸ್ಟರ್ ಬೇಕು, ಇನ್ನೊಬ್ಬರಿಗೆ ಬರೀ ಹೆಸರು. ‘ಅಂಕಲ್’ ಬಾಯಿ ತುದಿಗೆ ಬರುತ್ತದೆ, ತಡೆದುಕೊಳ್ಳಿ. ಇಲ್ಲಿ ಅಂಕಲ್ ಅಂದರೆ ನೆಂಟ.

ಪೂರ್ವ ಲಂಡನ್‌ನಿಂದ:

ಗೀಜರ್ ಬಗ್ಗೆ ಯಾರೂ ಹೇಳಿಲ್ಲ. ಕೇಳಿದ ತಕ್ಷಣ ಬಚ್ಚಲುಮನೆಯ ಗೀಸರ್ ನೆನಪಾಗುತ್ತದೆ, ಆದರೆ ಇದು ಬೇರೆ ಪದ. ವೇಷ ಹಾಕಿಕೊಂಡು ಮನೆಮನೆಗೆ ಹೋಗುತ್ತಿದ್ದವನು ‘ಗೈಸರ್’, ಅಲ್ಲಿಂದ ಬಂದಿದ್ದು. ಲಂಡನ್ ಕಡೆ ‘ಪ್ರಾಪರ್ ಗೀಜರ್’ ಅಂದರೆ ಗತ್ತಿರುವ, ಮಾತಿಗೆ ನಿಲ್ಲುವ ಮನುಷ್ಯ. ‘ಡಾಜಿ ಗೀಜರ್’ ಅಂದರೆ ನಂಬಬಾರದವನು. ಇದನ್ನು ಕೇಳಿ ಅರ್ಥ ಮಾಡಿಕೊಂಡರೆ ಸಾಕು. ಹೊಸಬರ ಬಾಯಲ್ಲಿ ಹೊಂದುವುದಿಲ್ಲ.

ಮೇಟ್ ಬಗ್ಗೆ ಒಂದು ಎಚ್ಚರ. ಅದರ ಬೇರಿನಲ್ಲಿ ಊಟ ಇದೆ, ಜೊತೆಗೆ ಕೂತು ಉಣ್ಣುವವನು ಎಂದರ್ಥ. ಆದರೆ ದನಿ ಬದಲಾದರೆ ಜಗಳ. ‘ಚಿಯರ್ಸ್, ಮೇಟ್’ ಥ್ಯಾಂಕ್ಸ್. ‘ಲಿಸನ್, ಮೇಟ್’ ಎಂದು ಎಳೆದು ಹೇಳಿದರೆ ಸಿಟ್ಟು. ‘ಲಿಸನ್, ಸನ್‌ಶೈನ್’ ಕೂಡ ಬೆದರಿಕೆಯೇ. ಇಂಥದ್ದು ಕೇಳಿದರೆ ವಾದಕ್ಕೆ ನಿಲ್ಲದೆ ಸುಮ್ನೆ ಹೊರಡಿ.

ಇನ್ನೊಂದನ್ನು ದಯವಿಟ್ಟು ಗಮನಿಸಿ. ನಮ್ಮಲ್ಲಿ ಆಫೀಸ್ ಬಾಯ್, ‘ಬಾಯ್ ಹತ್ತಿರ ಟೀ ಕಳಿಸ್ತೀನಿ’ ಎಂಬ ಮಾತು ಮಾಮೂಲಿ. ಇಲ್ಲಿ ವಯಸ್ಕ ಗಂಡಸನ್ನು ‘ಬಾಯ್’ ಎಂದು ಕರೆಯಬೇಡಿ. ಕಪ್ಪು ಜನಾಂಗದವರಿಗೆ ಅದು ಗುಲಾಮಗಿರಿಯ ಕಾಲದ ಗಾಯ. ನಮಗೆ ಗೊತ್ತಿಲ್ಲದೆ ಬಾಯಿಂದ ಬಂದರೂ ಅವರಿಗೆ ಆಗುವ ನೋವು ಕಡಿಮೆ ಆಗುವುದಿಲ್ಲ.

ಸೌತ್ ವೇಲ್ಸ್‌ನಿಂದ (ನಿವೃತ್ತ ಡಾಕ್ಟರ್, 1974ರಲ್ಲಿ ಬಂದವನು):

ತಮ್ಮಾ, ನಾನು ಧಾರವಾಡ ಕಡೆಯವನು. ಆಗ ಭಾರತದಿಂದ ಬಂದ ಡಾಕ್ಟರುಗಳಲ್ಲಿ ತುಂಬಾ ಜನ ಇಲ್ಲಿನ ಕಲ್ಲಿದ್ದಲು ಕಣಿವೆಗಳಲ್ಲಿ ಕೆಲಸ ಮಾಡಿದೆವು. ಇಲ್ಲಿನ ಪದ ‘ಬಟ್’, ‘ಬಟ್ಟಿ’. ಗಣಿಯಲ್ಲಿ ಜೊತೆಗೆ ದುಡಿಯುವವನು ಬಟ್ಟಿ. ಮೇಲಿಂದ ಕಲ್ಲು ಕುಸಿದರೆ ಎಳೆದು ತರುವವನೂ ಅವನೇ. ಅದಕ್ಕೇ ಆ ಪದವನ್ನು ಅವರು ಹಗುರವಾಗಿ ಕೊಡುವುದಿಲ್ಲ ಅಂತ ನಾನು ತಿಳಿದಿದ್ದೇನೆ. ನಾನು ಎಲ್ಲರಿಗೂ ‘ಡಾಕ್’ ಆಗಿದ್ದೆ. ಗಣಿಗಳು ಮುಚ್ಚಿ, ನಾನೂ ನಿವೃತ್ತನಾದ ಮೇಲೆ ಹಳೆಯ ರೋಗಿಯೊಬ್ಬರು ರಸ್ತೆಯ ಆ ಬದಿಯಿಂದ ‘ಆಲ್‌ರೈಟ್, ಬಟ್?’ ಎಂದು ಕೈ ಎತ್ತಿದರು. ಮನೆಗೆ ಬಂದು ಹೆಂಡತಿಗೆ ಹೇಳುವಾಗ ಗಂಟಲು ಕಟ್ಟಿತ್ತು.

ಗ್ಲಾಸ್ಗೋಗೆ ಹೋದರೆ ‘ಪ್ಯಾಲ್’ ಕೇಳುತ್ತೀ. ಅದು ರೊಮಾನಿ ಜನರ ‘ಫ್ರಲ್’, ಅಂದರೆ ಸಹೋದರ. ಸುಮಾರು 1,000 ವರ್ಷದ ಹಿಂದೆ ಭಾರತ ಬಿಟ್ಟು ಹೊರಟವರ ಮಾತು ಅದು. ನಮ್ಮ ಪುಸ್ತಕದ ‘ಭ್ರಾತೃ’ ಅದರ ದಾಯಾದಿ.

ಬ್ರಿಸ್ಟಲ್‌ನಿಂದ:

ಬಸ್ಸಿನ ವಿಷಯ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಇಳಿಯುವಾಗ ‘ಚಿಯರ್ಸ್, ಡ್ರೈವ್’ ಅನ್ನುತ್ತಾರೆ. ಬೇರೆ ಊರಲ್ಲಿ ‘ಚಿಯರ್ಸ್, ಮೇಟ್’ ಸಾಕು. ಡ್ರೈವರ್ ಹೆಂಗಸಾಗಿದ್ದರೆ ಬರೀ ‘ಚಿಯರ್ಸ್’.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಡಾಕ್ಟರ್ ಕಾಕಾ, ನಿಮ್ಮ ಮಾತು ಓದಿ ಮನಸ್ಸು ತುಂಬಿತು. ಇವತ್ತು ಬಸ್ಸಿಳಿಯುವಾಗ ‘ಚಿಯರ್ಸ್, ಮೇಟ್’ ಅಂದೆ. 60ರ ಆಸುಪಾಸಿನ ಡ್ರೈವರ್, ‘ಟಾ, ಲವ್’ ಅಂದರು. ಗಂಡಸು ಗಂಡಸಿಗೆ ಲವ್ ಅನ್ನುವುದು ಇಲ್ಲಿ ಸಹಜವೇ?

ಶೆಫೀಲ್ಡ್‌ನಿಂದ:

ಯಾರ್ಕ್‌ಶೈರ್‌ನಲ್ಲಿ ತೀರಾ ಸಹಜ, ಹಳೆಯ ತಲೆಮಾರಿನವರಲ್ಲಿ ಜಾಸ್ತಿ. ನಮ್ಮ ಹಿರಿಯರು ಗೊತ್ತಿಲ್ಲದ ಹುಡುಗನಿಗೂ ‘ಹುಷಾರಾಗಿ ಹೋಗಪ್ಪ’ ಅನ್ನುವುದಿಲ್ಲವೇ, ಆ ‘ಅಪ್ಪ’ ಇದ್ದ ಹಾಗೆ. ನಾಳೆ ಅವರೇ ಸಿಕ್ಕರೆ ಮತ್ತೆ ‘ಚಿಯರ್ಸ್, ಮೇಟ್’ ಅನ್ನಿ.