ನೈಟ್ರೈಟ್ ಇಳಿಸಿದ ಮೇಲೆ ಪೈಪ್ ತೂತಾಗುತ್ತಿದೆ, ಯಾಕೆ?

ಪ್ರಶ್ನೆ: ಸರ್, ನಮ್ಮದು ಕ್ಲೋಸ್ಡ್ ಲೂಪ್ ಕೂಲಿಂಗ್ ಸಿಸ್ಟಂ (ಅದೇ ನೀರು ಮುಚ್ಚಿದ ಪೈಪಿನಲ್ಲೇ ಸುತ್ತುತ್ತದೆ), ಎಂ.ಎಸ್. ಅಂದರೆ ಮೈಲ್ಡ್ ಸ್ಟೀಲ್ ಪೈಪ್. ತುಕ್ಕು ಹಿಡಿಯದಂತೆ ನೀರಿಗೆ ಹಾಕುವ ನೈಟ್ರೈಟನ್ನು ಮೊದಲು 800 ಪಿಪಿಎಂ (ಲೀಟರಿಗೆ ಸುಮಾರು 800 ಮಿಲಿಗ್ರಾಂ) ಇಡುತ್ತಿದ್ದೆವು. ಖರ್ಚು ಜಾಸ್ತಿ ಅಂತ 200ಕ್ಕೆ ಇಳಿಸಿದೆವು. ಐದೇ ತಿಂಗಳಲ್ಲಿ ಎರಡು ಕಡೆ ಸೂಜಿಮೊನೆಯಷ್ಟು ತೂತು! ಉಳಿದ ಪೈಪ್ ಗಟ್ಟಿಯಾಗಿಯೇ ಇದೆ. ಕಾಲು ಭಾಗ ಕೆಮಿಕಲ್ ಹಾಕಿದರೆ ಕಾಲು ಭಾಗವಾದರೂ ರಕ್ಷಣೆ ಸಿಗಬೇಕಲ್ವಾ?

ಉತ್ತರ: ಸಿಗುವುದಿಲ್ಲ. ಲೆಕ್ಕ ಹಾಗೆ ನಡೆಯುವುದಿಲ್ಲ.

ತುಕ್ಕು ಹಿಡಿಯುವಾಗ ಒಂದು ಕಡೆ ಕಬ್ಬಿಣ ಕರಗುತ್ತದೆ, ಅದು ಆನೋಡ್. ಇನ್ನೊಂದು ಕಡೆ ನೀರಿನಲ್ಲಿರುವ ಆಮ್ಲಜನಕ ಎಲೆಕ್ಟ್ರಾನ್ ಎಳೆದುಕೊಳ್ಳುತ್ತದೆ, ಅದು ಕ್ಯಾಥೋಡ್. ನೈಟ್ರೈಟ್ ಕೆಲಸ ಮಾಡುವುದು ಆನೋಡ್ ಕಡೆ. ಅಲ್ಲಿ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಸಾಕಷ್ಟು ಇದ್ದರೆ ಮೈಯೆಲ್ಲ ಮುಚ್ಚುತ್ತದೆ. ಕಮ್ಮಿಯಾದರೆ ಅಲ್ಲಲ್ಲಿ ಚುಕ್ಕೆಗಳು ಬರಿದಾಗಿ ಉಳಿಯುತ್ತವೆ. ಪದರ ಮುಚ್ಚಿದ ಸುತ್ತಲಿನ ಮೈಯೆಲ್ಲ ಕ್ಯಾಥೋಡ್ ಆಗುತ್ತದೆ, ಅಷ್ಟೂ ದೊಡ್ಡ ಕ್ಯಾಥೋಡ್‌ಗೆ ಎಲೆಕ್ಟ್ರಾನ್ ಕೊಡುವುದು ಆ ಚುಕ್ಕೆ ಒಂದೇ. ಏನೂ ಹಾಕದಿದ್ದರೆ ಪೈಪ್ ಹೆಚ್ಚುಕಮ್ಮಿ ಸಮನಾಗಿ ಸವೆಯುತ್ತಿತ್ತು. ಈಗ ಒಂದೇ ಜಾಗದಲ್ಲಿ ಕೊರೆಯುತ್ತಿದೆ. ಅರೆಬರೆ ಡೋಸ್‌ಗಿಂತ ಸುಮ್ನೆ ಇದ್ದಿದ್ದರೇ ವಾಸಿ ಅನ್ನಿಸುತ್ತದೆ ನನಗೆ.

ಬಿಚ್ಚಿದ ಪೈಪಿನೊಳಗೆ ತುಕ್ಕಿನ ಗಂಟು ಇದ್ದರೆ ಸ್ಕ್ರೂಡ್ರೈವರ್‌ನಲ್ಲಿ ಕೆರೆದು ನೋಡಿ. ಮೇಲೆ ಕೆಂಪು, ಒಳಗೆ ಕಪ್ಪು, ಅದರಡಿ ಗುಂಡಿ. ಕೆಮಿಕಲ್ ಆ ಗಂಟಿನೊಳಗೆ ಇಳಿಯುವುದಿಲ್ಲ. ಮೊದಲು ಲೂಪ್ ತೊಳೆಸಿ, ಆಮೇಲೆ ಡೋಸ್ ಏರಿಸಿ.

ಪ್ರಶ್ನೆ: ಆದರೆ ಕೂಪನ್ (ತುಕ್ಕು ಅಳೆಯಲು ನೀರಿನಲ್ಲಿ ಇಡುವ ಲೋಹದ ಪಟ್ಟಿ) ರಿಪೋರ್ಟ್ ಚೆನ್ನಾಗಿಯೇ ಬಂದಿತ್ತಲ್ಲ ಸರ್?

ಉತ್ತರ: ಅದು ತೂಕದ ಲೆಕ್ಕ. ಕಳೆದುಹೋದ ಲೋಹವನ್ನು ಇಡೀ ಪಟ್ಟಿಯ ಮೇಲೆ ಹರಡಿ ಸರಾಸರಿ ಹೇಳುತ್ತದೆ. ಒಂದು ಆಳದ ಗುಂಡಿ ಅದರಲ್ಲಿ ಕಳೆದೇ ಹೋಗುತ್ತದೆ. ತೊಳೆದ ಕೂಪನ್ನನ್ನು ಭೂತಗನ್ನಡಿ ಹಿಡಿದು ನೀವೇ ನೋಡಿ.

ಪ್ರಶ್ನೆ: ಇನ್ನೊಂದು ಸರ್. ಹಾಕಿದ ನೈಟ್ರೈಟ್ ವಾರ ಕಳೆಯುವಷ್ಟರಲ್ಲಿ ಇಳಿದಿರುತ್ತದೆ.

ಉತ್ತರ: ಕಂಡಕ್ಟಿವಿಟಿ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಅಳತೆ) ಜೊತೆಗಿಟ್ಟು ನೋಡಿ. ಎರಡೂ ಒಟ್ಟಿಗೆ ಇಳಿದರೆ ಎಲ್ಲೋ ಸೋರುತ್ತಿದೆ, ಹೊಸ ನೀರು ಸೇರುತ್ತಿದೆ. ಪಂಪ್ ಸೀಲ್ ನೋಡಿ. ನೈಟ್ರೈಟ್ ಮಾತ್ರ ಇಳಿದರೆ ಬ್ಯಾಕ್ಟೀರಿಯಾ ಮೇಲೆ ಅನುಮಾನ. ಕೆಲವು ಜಾತಿಗಳು ಅದನ್ನು ನೈಟ್ರೇಟ್ ಮಾಡಿಬಿಡುತ್ತವೆ, ನೈಟ್ರೇಟ್‌ನಿಂದ ಉಕ್ಕಿಗೆ ಆ ರಕ್ಷಣೆ ಇಲ್ಲ. ಹಾಗಂತ ಕ್ಲೋರಿನ್ ಸುರಿಯಬೇಡಿ, ಅದೂ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗ್ಲುಟರಾಲ್ಡಿಹೈಡ್‌ನಂಥ ಬಯೋಸೈಡ್ (ಬ್ಯಾಕ್ಟೀರಿಯಾ ಕೊಲ್ಲುವ ಕೆಮಿಕಲ್) ಬೇಕು.

ಇನ್ನೊಬ್ಬರ ಪ್ರಶ್ನೆ: ಇದೇ ನೈಟ್ರೈಟನ್ನು ಕೂಲಿಂಗ್ ಟವರ್‌ಗೂ ಹಾಕಬಹುದಾ?

ಉತ್ತರ: ಬೇಡ. ಟವರ್ ತೆರೆದ ವ್ಯವಸ್ಥೆ. ಲವಣ ಹೆಚ್ಚದಂತೆ ಆಗಾಗ ನೀರು ಹೊರಬಿಡುತ್ತಾರೆ, ಅದೇ ಬ್ಲೋಡೌನ್. ನೈಟ್ರೈಟ್ ಆ ಬ್ಲೋಡೌನ್‌ನಲ್ಲಿ ಹರಿದುಹೋಗುತ್ತದೆ, ಉಳಿದದ್ದು ಬ್ಯಾಕ್ಟೀರಿಯಾ ಪಾಲು. ಹಿಂದೆ ಅಲ್ಲಿ ಕ್ರೋಮೇಟ್ ಹಾಕುತ್ತಿದ್ದರು. ಕೆಲಸ ಚೆನ್ನಾಗಿ ಮಾಡುತ್ತಿತ್ತು, ಆದರೆ ಕ್ಯಾನ್ಸರ್ ತರುವ ವಿಷ. ಈಗ ಫಾಸ್ಫೇಟ್, ಸತು, ಜೊತೆಗೆ ಅವು ಗಸಿಯಾಗಿ ಕೂರದಂತೆ ಪಾಲಿಮರ್. ನಿಮ್ಮ ನೀರಿನ ಪಿಎಚ್, ಕ್ಯಾಲ್ಸಿಯಂ, ಕ್ಲೋರೈಡ್ ಬರೆದು ಹಾಕಿ, ನೋಡೋಣ.